ನಾಯಿಗೆ ಮನೆಯಲ್ಲೇ ಬಿಸ್ಕತ್ತು: ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಸಾಕುನಾಯಿಗೆ ಮನೆಯಲ್ಲಿ ತಿನಿಸು ಮಾಡಿಕೊಡುವುದನ್ನು ಕುರಿತಾಗಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮದು ತೋಟದ ಮನೆ. ಮೂರು ವರ್ಷದ, 12 ಕಿಲೋ ತೂಗುವ ಊರುನಾಯಿಯೊಂದನ್ನು ಸಾಕಿದ್ದೇವೆ. ಅಂಗಡಿಯ ಬಿಸ್ಕತ್ತಿನ ಬದಲು ರಾಗಿಯಿಂದ ನಾವೇ ಮಾಡಿಕೊಡೋಣವೆಂಬ ಆಸೆ ಇದೆ. ಮನೆಯಲ್ಲಿ ಓವನ್ ಇಲ್ಲ, ಮೊಟ್ಟೆಯನ್ನೂ ನಾವು ಬಳಸುವುದಿಲ್ಲ. ಮಾಡುವುದು ಹೇಗೆ, ದಿನಕ್ಕೆ ಎಷ್ಟು ಕೊಡಬಹುದು?
— ಗೃಹಿಣಿಯೊಬ್ಬರು, ಸಾಗರ ತಾಲ್ಲೂಕು

ಉತ್ತರ: ಧಾರಾಳವಾಗಿ ಮಾಡಿಕೊಡಬಹುದು. ನಾಯಿ ತೋಳದ ವಂಶದ ಪ್ರಾಣಿಯೇ ಆದರೂ ಮನುಷ್ಯನ ಜೊತೆ ಬಾಳುತ್ತ ಬಂದ ಕಾಲದಲ್ಲಿ ಪಿಷ್ಟವನ್ನು ಅರಗಿಸಿಕೊಳ್ಳುವ ಶಕ್ತಿಯನ್ನು ತೋಳಕ್ಕಿಂತ ಹೆಚ್ಚಾಗಿ ಪಡೆದುಕೊಂಡಿದೆ ಎಂಬುದನ್ನು 2013ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ತೋರಿಸಿಕೊಟ್ಟಿದೆ. ಆದರೆ ಧಾನ್ಯ ಚೆನ್ನಾಗಿ ಬೆಂದಿರಬೇಕು. ಹಸಿ ಹಿಟ್ಟು ಹೊಟ್ಟೆ ಉಬ್ಬರಕ್ಕೂ ಭೇದಿಗೂ ದಾರಿ ಮಾಡುತ್ತದೆ.

ಒಂದು ಲೋಟ, ಎಂದರೆ ಸುಮಾರು 125 ಗ್ರಾಂ ರಾಗಿ ಹಿಟ್ಟಿಗೆ ಅರ್ಧ ಲೋಟ ಗೋಧಿ ಹಿಟ್ಟನ್ನು ಸೇರಿಸಿಕೊಳ್ಳಿ. ರಾಗಿಯಲ್ಲಿ ಗೋಧಿಯ ಜಿಗಿ ಇಲ್ಲದ ಕಾರಣ ಬರೀ ರಾಗಿಯಿಂದ ಮಾಡಿದ ಬಿಸ್ಕತ್ತು ಕೈಯಲ್ಲೇ ಪುಡಿಯಾಗುತ್ತದೆ. ಬೇಯಿಸಿ ನೀರು ಬಸಿದು ನುಣ್ಣಗೆ ಕಿವುಚಿದ ಸಿಹಿಗುಂಬಳ ಅರ್ಧ ಲೋಟ, ಹುಳಿಯಿಲ್ಲದ ಮೊಸರು ಎರಡು ಚಮಚ ಹಾಕಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ನಾದಬೇಕು. ಕುಂಬಳದಲ್ಲಿರುವ ನೀರೇ ಬಹುಮಟ್ಟಿಗೆ ಸಾಕಾಗುತ್ತದೆ. ಬೇರೆ ನೀರನ್ನು ಚಮಚದ ಲೆಕ್ಕದಲ್ಲಿ ಮಾತ್ರ ಹಾಕಿ. ಕಾಲು ಅಂಗುಲ ದಪ್ಪಕ್ಕೆ ಲಟ್ಟಿಸಿ, ಹೆಬ್ಬೆರಳ ಉಗುರಿನಷ್ಟು ಸಣ್ಣ ತುಂಡುಗಳಾಗಿ ಕತ್ತರಿಸಿದರೆ ಸುಮಾರು ನೂರು ಬಿಸ್ಕತ್ತುಗಳಾಗುತ್ತವೆ. ಉಪ್ಪು, ಬೆಲ್ಲ, ಅಡುಗೆ ಸೋಡಾ, ಬೇಕಿಂಗ್ ಪೌಡರ್, ಏಲಕ್ಕಿ ಇವು ಯಾವುವೂ ಬೇಡ. ಜಾಯಿಕಾಯಿಯಂತೂ ನಾಯಿಗೆ ನಂಜು. ನನ್ನನ್ನು ಕೇಳಿದರೆ, ಮನೆಯಲ್ಲಿ ಮಾಡಿದ ಬಿಸ್ಕತ್ತಿನ ದೊಡ್ಡ ಲಾಭವೆಂದರೆ ಅದರಲ್ಲಿ ಏನೇನು ಇಲ್ಲ ಎಂಬುದು ನಮಗೆ ಖಚಿತವಾಗಿ ಗೊತ್ತಿರುವುದು.

ಓವನ್ ಇಲ್ಲದಿದ್ದರೆ ಹಳೆಯ ಕುಕ್ಕರೊಂದನ್ನು ಇದಕ್ಕಾಗಿಯೇ ಇಟ್ಟುಕೊಳ್ಳಿ. ತಳದಲ್ಲಿ ಒಂದು ಅಂಗುಲ ಪುಡಿ ಉಪ್ಪನ್ನೋ ತೊಳೆದು ಒಣಗಿಸಿದ ಮರಳನ್ನೋ ಹರಡಿ, ಅದರ ಮೇಲೆ ಸಣ್ಣ ಸ್ಟ್ಯಾಂಡ್ ಇಟ್ಟು, ಗ್ಯಾಸ್ಕೆಟ್ ಮತ್ತು ವಿಷಲ್ ಎರಡನ್ನೂ ತೆಗೆದ ಮುಚ್ಚಳವನ್ನು ಮುಚ್ಚಿ ಹತ್ತು ನಿಮಿಷ ಕಾಯಿಸಿ. ಗ್ಯಾಸ್ಕೆಟ್ ತೆಗೆಯುವುದನ್ನು ಮರೆಯಬಾರದು, ಏಕೆಂದರೆ ನೀರಿಲ್ಲದ ಕಾವಿಗೆ ರಬ್ಬರು ಕರಗುತ್ತದೆ. ಬಳಿಕ ಬಿಸ್ಕತ್ತಿನ ತಟ್ಟೆಯನ್ನು ಸ್ಟ್ಯಾಂಡಿನ ಮೇಲಿಟ್ಟು ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆಯಷ್ಟು ಬೇಯಿಸಿ, ನಡುವೆ ಒಮ್ಮೆ ಮಗುಚಿ ಹಾಕಿ. ಓವನ್ ಇರುವವರಿಗೆ 160 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಅರ್ಧ ಗಂಟೆ ಸಾಕು.

ಇನ್ನು ಪ್ರಮಾಣದ ಮಾತು. ಪಶುವೈದ್ಯರು ಸಾಮಾನ್ಯವಾಗಿ ಪಾಲಿಸುವ ನಿಯಮದಂತೆ ನಾಯಿಯ ದಿನದ ಒಟ್ಟು ಕ್ಯಾಲೊರಿಯಲ್ಲಿ ತಿನಿಸಿನ ಪಾಲು ಶೇಕಡಾ 10ನ್ನು ಮೀರಬಾರದು. 12 ಕಿಲೋ ತೂಕದ ವಯಸ್ಕ ನಾಯಿಗೆ ದಿನಕ್ಕೆ ಸರಿಸುಮಾರು 700 ಕ್ಯಾಲೊರಿ ಬೇಕಾಗುತ್ತದೆ; ಅಂದರೆ ತಿನಿಸಿಗೆ ಸಿಗುವುದು 70. ಮೇಲಿನ ಅಳತೆಯ ಹಿಟ್ಟಿನಲ್ಲಿ ಒಟ್ಟು 650ರಷ್ಟು ಕ್ಯಾಲೊರಿ ಇರುವುದರಿಂದ ಸಣ್ಣ ತುಂಡಾದರೆ ದಿನಕ್ಕೆ ಹತ್ತು ಕೊಡಬಹುದು, ಮತ್ತು ಅಷ್ಟನ್ನು ಕೊಟ್ಟ ದಿನ ಊಟದಲ್ಲಿ ಆ ಪಾಲನ್ನು ಕಡಿಮೆ ಮಾಡಬೇಕು. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಆಸುಪಾಸಿನಲ್ಲಿ ಸುಣ್ಣದಂಶವಿದೆ ಎಂಬುದು ನಿಜ. ಆದರೆ ದಿನಕ್ಕೆ ಹತ್ತು ತುಂಡಿನಿಂದ ಮೂಳೆ ಗಟ್ಟಿಯಾಗುತ್ತದೆಂದು ನಂಬಿ ಊಟದ ಗುಣಮಟ್ಟವನ್ನು ಕಡೆಗಣಿಸಬೇಡಿ.

ಪ್ರಶ್ನೆ: ಬೇಸಿಗೆಯಲ್ಲಿ ಮಾಡಿದ ಬಿಸ್ಕತ್ತು ಚೆನ್ನಾಗಿಯೇ ಇರುತ್ತದೆ. ಜಡಿಮಳೆ ಹಿಡಿದರೆ ನಾಲ್ಕೇ ದಿನಕ್ಕೆ ಮೆತ್ತಗಾಗಿ ಬೂಷ್ಟು ಬರುತ್ತದೆ. ಬೂಷ್ಟನ್ನು ಕೆರೆದು ಮತ್ತೊಮ್ಮೆ ಬಿಸಿ ಮಾಡಿ ಕೊಡಬಹುದೇ? ನಾಯಿಗೆ ಹಳಸಿದ್ದೂ ಅರಗುತ್ತದೆ ಎಂದು ನಮ್ಮ ಅತ್ತೆಯವರು ಹೇಳುತ್ತಾರೆ.
— ಓದುಗರು, ತೀರ್ಥಹಳ್ಳಿ

ಉತ್ತರ: ಕೊಡಬಾರದು. ಅತ್ತೆಯವರ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ನಾಯಿಯ ಜಠರದ ಆಮ್ಲ ತೀಕ್ಷ್ಣವಾದದ್ದು, ನಮಗೆ ಹೊಟ್ಟೆ ಕೆಡಿಸುವ ಎಷ್ಟೋ ಬ್ಯಾಕ್ಟೀರಿಯಾಗಳನ್ನು ಅದು ತಾಳಿಕೊಳ್ಳುತ್ತದೆ. ಬೂಷ್ಟಿನ ವಿಷಯ ಹಾಗಲ್ಲ. ಕೆಲವು ಬಗೆಯ ಬೂಷ್ಟು ಆಹಾರದೊಳಕ್ಕೆ ವಿಷವನ್ನು ಬಿಡುತ್ತದೆ. ಕಣ್ಣಿಗೆ ಕಾಣುವ ಹಸಿರು ಪದರವನ್ನು ಕೆರೆದರೆ ಆ ವಿಷ ಹೋಗುವುದಿಲ್ಲ, ಅಡುಗೆಯ ಕಾವಿಗೆ ಅದು ಪೂರ್ತಿ ನಾಶವಾಗುವುದೂ ಇಲ್ಲ. ಕಡಲೆಕಾಯಿ ಮತ್ತು ಮೆಕ್ಕೆಜೋಳಕ್ಕೆ ಹಿಡಿಯುವ ಬೂಷ್ಟಿನ ಅಫ್ಲಾಟಾಕ್ಸಿನ್ ಎಂಬ ವಿಷ ನಾಯಿಯ ಯಕೃತ್ತನ್ನು ಕೆಡಿಸುತ್ತದೆ. ಊಟ ಬಿಡುವುದು, ವಾಂತಿ, ಕಣ್ಣು ಮತ್ತು ಒಸಡು ಹಳದಿಗೆ ತಿರುಗುವುದು ಅದರ ಲಕ್ಷಣಗಳು. ಬೇರೆ ಕೆಲವು ಬೂಷ್ಟುಗಳು ನರಗಳ ಮೇಲೆ ಎರಗುತ್ತವೆ. ಅಂಥದ್ದನ್ನು ತಿಂದ ನಾಯಿ ಕೆಲವೇ ಗಂಟೆಗಳಲ್ಲಿ ಮೈಯೆಲ್ಲ ನಡುಗಿ, ಕಾಲು ಸೆಟೆದು, ನಿಲ್ಲಲಾರದೆ ಬೀಳಬಹುದು. ಮಳೆಗಾಲದಲ್ಲಿ ಗೊಬ್ಬರಗುಂಡಿ ಕೆದಕಿ ಬಂದ ನಾಯಿಗಳಲ್ಲೂ ಇದೇ ಚಿತ್ರ ಕಾಣುವುದುಂಟು.

ನಮ್ಮ ಸೀಮೆಯಲ್ಲಿ ಆರಿದ್ರಾ ಮಳೆ ಹಿಡಿದ ಮೇಲೆ ಹಪ್ಪಳವೇ ಮೆತ್ತಗಾಗುವಾಗ ಬಿಸ್ಕತ್ತು ಗರಿಗರಿಯಾಗಿ ಉಳಿಯಬೇಕೆಂದರೆ ಅದನ್ನು ಎರಡು ಸಲ ಒಣಗಿಸಲೇಬೇಕು. ಅಂತರಜಾಲದಲ್ಲಿ ಸಿಗುವ ಪಾಕವಿಧಾನಗಳಲ್ಲಿ ಹೆಚ್ಚಿನವು ಇಷ್ಟು ತೇವದ ಹವೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವಲ್ಲ. ಮೊದಲ ಸಲ ಬೆಂದ ಬಿಸ್ಕತ್ತನ್ನು ಪೂರ್ತಿ ಆರಲು ಬಿಟ್ಟು, ಮತ್ತೆ ತಟ್ಟೆಯಲ್ಲಿ ಒಂದರ ಮೇಲೊಂದು ಬೀಳದಂತೆ ಹರಡಿ, ಓವನ್ನಿನಲ್ಲಿ 100 ಡಿಗ್ರಿಯಲ್ಲಿ ಒಂದು ಗಂಟೆ, ಕುಕ್ಕರಿನಲ್ಲಾದರೆ ತೀರ ಸಣ್ಣ ಉರಿಯಲ್ಲಿ ಮುಚ್ಚಳವನ್ನು ಓರೆಯಾಗಿಟ್ಟು ಅಷ್ಟೇ ಹೊತ್ತು ಬಿಡಿ. ಮುಚ್ಚಳ ಓರೆಯಾಗಿರದಿದ್ದರೆ ಆವಿ ಹೊರಗೆ ಹೋಗದೆ ಅಲ್ಲೇ ಹನಿಯುತ್ತದೆ. ಆಮೇಲೆ ಒಂದನ್ನು ತೆಗೆದು ಮುರಿದು ನೋಡಿ: ಬಟಕ್ಕನೆ ಮುರಿದು ಒಳಗೂ ಹೊರಗೂ ಒಂದೇ ಬಣ್ಣವಿದ್ದರೆ ಆಯಿತು; ನಡುವೆ ಗಾಢವಾದ ಚುಕ್ಕೆ ಕಂಡು ಬೆರಳಿಗೆ ತಂಪು ತಾಗಿದರೆ ಇನ್ನೂ ಹಸಿ ಇದೆ ಎಂದು ತಿಳಿಯಬೇಕು. ಬಿಸಿ ಇರುವಾಗಲೇ ಡಬ್ಬಿಗೆ ತುಂಬುವುದು ಎಲ್ಲರೂ ಮಾಡುವ ತಪ್ಪು.

ಹೀಗೆ ಮಾಡಿದ್ದನ್ನು ಬಿಗಿಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ವಾರದ ಮಟ್ಟಿಗೆ ಇಡಬಹುದು. ಉಳಿದದ್ದನ್ನು ಫ್ರೀಜರಿನಲ್ಲಿಟ್ಟು ಬೇಕಾದಷ್ಟೇ ತೆಗೆಯಿರಿ. ಮಳೆಗಾಲದ ಮೂರು ತಿಂಗಳು ಕುಂಬಳ, ಬಾಳೆಹಣ್ಣುಗಳಂಥ ನೀರಿನ ಪದಾರ್ಥವನ್ನು ಅರ್ಧಕ್ಕೆ ಇಳಿಸಿ, ಸ್ವಲ್ಪಸ್ವಲ್ಪವೇ ಮಾಡಿಕೊಳ್ಳುವುದು ಒಳ್ಳೆಯದು. ಹಿಟ್ಟಿನ ಡಬ್ಬಿಯನ್ನೂ ಮೂಸಿ ನೋಡಿ. ಮುಗ್ಗಲು ವಾಸನೆ ಬಂದ ಹಿಟ್ಟನ್ನು ನಾಯಿಗಾದರೂ ಆದೀತೆಂದು ಎತ್ತಿಡಬೇಡಿ.

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ 38 ಕಿಲೋ ಆಗಿದೆ, 30ಕ್ಕೆ ಇಳಿಸಬೇಕೆಂದು ವೈದ್ಯರು ಹೇಳಿದ್ದಾರೆ. ಅದಕ್ಕೆ ಕಡಲೆಕಾಯಿ ಬೆಣ್ಣೆ ಹಾಕಿದ ಬಿಸ್ಕತ್ತು ಎಂದರೆ ಪ್ರಾಣ. ಸಕ್ಕರೆರಹಿತ ಪೀನಟ್ ಬಟರ್ ಬಳಸಿದರೆ ತೂಕ ಇಳಿಯಲು ಸಹಾಯವಾಗುವುದೇ?
— ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ಉತ್ತರ: ಮೊದಲು ಆ ಬಾಟಲಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ಸಕ್ಕರೆರಹಿತ ಎಂದು ಮಾರುವ ಕೆಲವು ಪದಾರ್ಥಗಳಲ್ಲಿ ಕ್ಸೈಲಿಟಾಲ್ ಎಂಬ ಸಿಹಿಕಾರಕ ಇರುತ್ತದೆ. ಕೆಲವೆಡೆ ಅದನ್ನು ಬರ್ಚ್ ಶುಗರ್ ಎಂದೋ ಇ967 ಎಂದೋ ನಮೂದಿಸಿರುತ್ತಾರೆ. ಮನುಷ್ಯರಿಗೆ ತೊಂದರೆ ಮಾಡದ ಈ ವಸ್ತು ನಾಯಿಯ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಒಮ್ಮೆಲೇ ಸುರಿಯುವಂತೆ ಮಾಡುತ್ತದೆ. ಅರ್ಧ ಗಂಟೆಯೊಳಗೇ ರಕ್ತದ ಸಕ್ಕರೆ ಕುಸಿದು ನಾಯಿ ತೂರಾಡಬಹುದು, ಸೆಳವು ಬರಬಹುದು; ಪ್ರಮಾಣ ಹೆಚ್ಚಾದರೆ ಯಕೃತ್ತು ಸೋಲುತ್ತದೆ. ಅದಕ್ಕೆ ಯಾವುದೇ ಪ್ರತಿವಿಷವಿಲ್ಲ. ಕ್ಸೈಲಿಟಾಲ್ ಹಾಕಿದ ಚೂಯಿಂಗ್ ಗಮ್ ಮತ್ತು ಟೂತ್‌ಪೇಸ್ಟುಗಳೂ ನಾಯಿಯ ಬಾಯಿಗೆ ಸಿಗದಂತೆ ಇರಲಿ.

ತೂಕದ ಲೆಕ್ಕಕ್ಕೆ ಬಂದರೆ, ಸಕ್ಕರೆ ಇಲ್ಲದಿದ್ದರೂ ಕಡಲೆಕಾಯಿ ಬೆಣ್ಣೆಯ ಅರ್ಧದಷ್ಟು ಭಾಗ ಎಣ್ಣೆಯೇ. 30 ಕಿಲೋ ಗುರಿಯಿಟ್ಟು ತೂಕ ಇಳಿಸುವ ನಾಯಿಗೆ ದಿನಕ್ಕೆ ಸುಮಾರು 900 ಕ್ಯಾಲೊರಿಯ ಮಿತಿ ಹಾಕುವುದು ವಾಡಿಕೆ. ಅದರಲ್ಲಿ ತಿನಿಸಿನ ಪಾಲು 90. ಒಂದು ದೊಡ್ಡ ಚಮಚ ಕಡಲೆಕಾಯಿ ಬೆಣ್ಣೆಯಲ್ಲೇ 95 ಕ್ಯಾಲೊರಿಯಷ್ಟು ಇರುವುದರಿಂದ ದಿನದ ಪಾಲು ಅಲ್ಲಿಗೇ ಮುಗಿಯಿತು. ಜಿಡ್ಡು ಹೆಚ್ಚಾದರೆ ಮೇದೋಜೀರಕದ ಉರಿಯೂತವೂ ಬರಬಹುದು. ಹಬ್ಬದ ಮರುದಿನ ವಾಂತಿ ಮಾಡುತ್ತ, ಬೆನ್ನು ಬಗ್ಗಿಸಿ ನಿಲ್ಲುವ ನಾಯಿಗಳ ಕಾಯಿಲೆ ಹಲವು ಸಲ ಇದೇ ಆಗಿರುತ್ತದೆ. ನಿಮ್ಮ ನಾಯಿಗೆ ಆರು ತಿಂಗಳ ಮಟ್ಟಿಗೆ ಬಿಸ್ಕತ್ತನ್ನು ಮರೆತು, ಹಸಿ ಕ್ಯಾರೆಟ್, ಬೇಯಿಸಿದ ಬೀನ್ಸ್, ಸೌತೆಕಾಯಿಯ ತುಂಡುಗಳನ್ನು ಕೊಡಿ. ಲ್ಯಾಬ್ರಡಾರಿಗೆ ಕೈಯಿಂದ ಕೊಟ್ಟದ್ದೆಲ್ಲ ಹಬ್ಬವೇ; ಅದು ಬಟರಿಗಾಗಿ ಮುನಿಸಿಕೊಳ್ಳುವುದಿಲ್ಲ.

ಪ್ರಶ್ನೆ: ಕೊನೆಕೊಯ್ಲಿನ ಸಮಯದಲ್ಲಿ ನಮ್ಮ ನಾಯಿ ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯನ್ನು ಕಚ್ಚಿಕೊಂಡು ಹೋಗಿ ಜಗಿಯುತ್ತದೆ. ಅಡಿಕೆಯಿಂದ ಹೊಟ್ಟೆಹುಳ ಬೀಳುತ್ತದೆ, ಬಿಸ್ಕತ್ತಿನ ಹಿಟ್ಟಿಗೂ ಚಿಟಿಕೆ ಅಡಿಕೆಪುಡಿ ಹಾಕಿ ಎಂದು ಪಕ್ಕದ ಮನೆಯವರ ಸಲಹೆ. ಸರಿಯೇ?
— ಬೆಳೆಗಾರರು, ಹೊಸನಗರ

ಉತ್ತರ: ನೆರೆಯವರ ಮಾತು ಪೂರಾ ಕಟ್ಟುಕತೆಯಲ್ಲ, ಆದ್ದರಿಂದಲೇ ಅಪಾಯಕಾರಿ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಸಾರವನ್ನು ಹಿಂದೆ ಪಶುವೈದ್ಯರೇ ನಾಯಿಯ ಲಾಡಿಹುಳುವಿನ ಔಷಧವಾಗಿ ಬಳಸುತ್ತಿದ್ದರು. ಅದು ಹುಳುವಿನ ಹಿಡಿತವನ್ನು ಸಡಿಲಿಸಿ, ಕರುಳನ್ನು ಬಲವಾಗಿ ಹಿಂಡಿ, ಭೇದಿಯ ಜೊತೆ ಹುಳುವನ್ನು ಹೊರಗೆ ತಳ್ಳುತ್ತಿತ್ತು. ಆದರೆ ಗುಣ ಮಾಡುವ ಪ್ರಮಾಣಕ್ಕೂ ಕೇಡು ಮಾಡುವ ಪ್ರಮಾಣಕ್ಕೂ ಅಂತರ ಕಡಿಮೆ. ಜೊಲ್ಲು ಸುರಿಯುವುದು, ವಾಂತಿ, ಹೊಟ್ಟೆನೋವು, ಉಸಿರಾಟದ ತೊಂದರೆ, ಹೃದಯದ ಬಡಿತ ನಿಧಾನವಾಗುವುದು ಇವೆಲ್ಲ ಕಾಣಿಸಿಕೊಳ್ಳುತ್ತಿದ್ದುದರಿಂದ, ಸುರಕ್ಷಿತವಾದ ಪ್ರಾಜಿಕ್ವಾಂಟೆಲ್ ಬಂದ ಮೇಲೆ ಅದು ಚಿಕಿತ್ಸೆಯಿಂದ ಮರೆಯಾಯಿತು. ಅಡಿಕೆಯಿಂದ ಅಡಿಕೆಗೆ ಅರೆಕೋಲಿನ್ನಿನ ಪ್ರಮಾಣ ಬೇರೆಯಾಗುವಾಗ ನಿಮ್ಮ ಚಿಟಿಕೆಯಲ್ಲಿ ಎಷ್ಟಿದೆ ಎಂದು ತಿಳಿಯುವ ಉಪಾಯವಿಲ್ಲ. ಇಡೀ ಅಡಿಕೆಯನ್ನು ನುಂಗಿದರೆ ಸಣ್ಣ ನಾಯಿಯ ಕರುಳಿನಲ್ಲಿ ಸಿಕ್ಕಿಕೊಳ್ಳುವ ಭಯವೂ ಇದೆ.

ಹುಳದ ಮಾತ್ರೆ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ವಿಚಾರಿಸಿದರೆ ತೂಕಕ್ಕೆ ತಕ್ಕಂತೆ ತಿಳಿಸುತ್ತಾರೆ. ಒಣಗಿಸುವ ದಿನಗಳಲ್ಲಿ ನಾಯಿಯನ್ನು ಹಿತ್ತಲಿನ ಕಡೆ ಕಟ್ಟಿ, ಜಗಿಯುವ ಚಟ ತೀರಲು ಮೇಲೆ ಹೇಳಿದ ರಾಗಿ ಬಿಸ್ಕತ್ತನ್ನೇ ಉದ್ದನೆಯ ಕಡ್ಡಿಯ ಆಕಾರದಲ್ಲಿ ಮಾಡಿ ಗಟ್ಟಿಯಾಗಿ ಒಣಗಿಸಿ ಕೊಡಿ.

ಪ್ರಶ್ನೆ: ಮಗಳ ಹುಟ್ಟುಹಬ್ಬದ ದಿನ ನಾಯಿಗೂ ಒಂದು ಕೇಕ್ ಮಾಡಬೇಕೆಂದಿದ್ದೇವೆ. ಕೋಕೋ, ಒಣದ್ರಾಕ್ಷಿ, ಸ್ವಲ್ಪ ಕಾಫಿ ಡಿಕಾಕ್ಷನ್ ಹಾಕಬಹುದೇ?
— ಓದುಗರು, ಕೊಪ್ಪ

ಉತ್ತರ: ಮೂರೂ ಬೇಡ. ಕೋಕೋದಲ್ಲಿರುವ ಥಿಯೋಬ್ರೊಮಿನ್ ಮತ್ತು ಕಾಫಿಯ ಕೆಫೀನ್ ನಾಯಿಯ ಹೃದಯ ಮತ್ತು ನರಗಳನ್ನು ಕೆರಳಿಸುತ್ತವೆ. ಥಿಯೋಬ್ರೊಮಿನ್ ನಾಯಿಯ ದೇಹದಿಂದ ತೀರ ನಿಧಾನವಾಗಿ ಹೊರಹೋಗುತ್ತದೆ. ದ್ರಾಕ್ಷಿ ಹಸಿಯಾಗಿರಲಿ ಒಣಗಿರಲಿ, ಕೆಲವು ನಾಯಿಗಳ ಮೂತ್ರಪಿಂಡವನ್ನು ಕೆಡಿಸುತ್ತದೆ, ಮತ್ತು ಯಾವ ನಾಯಿಗೆ ಎಷ್ಟು ತಿಂದರೆ ಹಾಗಾಗುತ್ತದೆ ಎಂದು ಮೊದಲೇ ಹೇಳಲಾಗುವುದಿಲ್ಲ. ಮಾಗಿದ ಪುಟ್ಟಬಾಳೆ, ಅಕ್ಕಿಹಿಟ್ಟು, ಒಂದು ಮೊಟ್ಟೆ ಕಲಸಿ ಹಬೆಯಲ್ಲಿ ಬೇಯಿಸಿದರೆ ನಾಯಿಗೆ ಕೇಕ್ ಆಯಿತು. ಮಕ್ಕಳ ಕೇಕಿನ ತುಂಡು ಅಕಸ್ಮಾತ್ ನಾಯಿಯ ಬಾಯಿಗೆ ಬಿದ್ದರೆ ವಾಂತಿ ಮಾಡಿಸಲೆಂದು ಉಪ್ಪುನೀರು ಕುಡಿಸಬೇಡಿ, ಅದರಿಂದಲೇ ಸತ್ತ ನಾಯಿಗಳಿವೆ. ತಿಂದ ವಸ್ತುವಿನ ಹೊದಿಕೆಯನ್ನು ಕೈಯಲ್ಲಿ ಹಿಡಿದು ನೇರವಾಗಿ ವೈದ್ಯರಲ್ಲಿಗೆ ಹೋಗಿ.

ಪ್ರಶ್ನೆ: ಕೋಳಿಸಾರಿನ ರಸದಲ್ಲಿ ಹಿಟ್ಟು ಕಲಸಿದರೆ ನಾಯಿ ಬಲು ಇಷ್ಟಪಡುತ್ತದೆ. ಕೋಳಿಯ ಲಿವರ್ ಕೂಡ ಸೇರಿಸಬಹುದೇ?
— ಓದುಗರು, ಭದ್ರಾವತಿ

ಉತ್ತರ: ಸಾರಿನ ರಸ ಬೇಡ, ಬೇಯಿಸಿದ ಕೋಳಿಯ ಬರೀ ನೀರು ಆಗಬಹುದು. ಈರುಳ್ಳಿ ಮತ್ತು ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ ಪುಡಿ ಮಾಡಿದರೂ ಆ ಗುಣ ಹೋಗುವುದಿಲ್ಲ, ಮತ್ತು ಲಕ್ಷಣಗಳು ಕೆಲವು ದಿನ ಕಳೆದ ಮೇಲೆ ಕಾಣಿಸುವುದರಿಂದ ಸಾರಿಗೂ ನಾಯಿಯ ಸುಸ್ತಿಗೂ ಇರುವ ಸಂಬಂಧ ಮನೆಯವರಿಗೆ ಹೊಳೆಯುವುದಿಲ್ಲ. ಲಿವರನ್ನು ಬೇಯಿಸಿ ಅರೆದು ಹಿಟ್ಟಿಗೆ ಸೇರಿಸಬಹುದು, ಆದರೆ ಅದರಲ್ಲಿ ಎ ಜೀವಸತ್ವ ಹೇರಳವಾಗಿರುವುದರಿಂದ ಪ್ರತಿದಿನ ಕೊಡದೆ ವಾರಕ್ಕೆ ಒಂದೆರಡು ದಿನಕ್ಕೆ ಮಿತಿಗೊಳಿಸಿ. ಲಿವರ್ ಹಾಕಿದ ಬಿಸ್ಕತ್ತು ಎಷ್ಟೇ ಒಣಗಿದ್ದರೂ ಹೊರಗಿನ ಡಬ್ಬಿಯಲ್ಲಿಡದೆ ಫ್ರಿಜ್ಜಿನಲ್ಲಿಟ್ಟು ಮೂರು ದಿನದೊಳಗೆ ಮುಗಿಸಿ.