ಬಿಗ್‌ಫುಟ್ ಫೋಟೋ ಮೇಲೆ ಮಸಾಲೆ ದೋಸೆ ಬಾಜಿ

ಪ್ರಶ್ನೆ: ಸರ್, ಅಮೆರಿಕದ ಕಾಡಲ್ಲಿ ಮೈತುಂಬ ಕೂದಲಿರೋ ದೊಡ್ಡ ಪ್ರಾಣಿ ನಡ್ಕೊಂಡು ಹೋಗ್ತಾ ತಿರುಗಿ ನೋಡೋ ಫೋಟೋ ಇದ್ಯಲ್ಲ, ಅದನ್ನ ನಮ್ ಭಾವ ಫ್ಯಾಮಿಲಿ ಗ್ರೂಪಿಗೆ ಹಾಕಿ, ಇಷ್ಟು ವರ್ಷ ಆದ್ರೂ ಯಾರ ಕೈಲೂ ಸುಳ್ಳು ಅಂತ ಪ್ರೂವ್ ಮಾಡಕ್ಕಾಗಿಲ್ಲ, ಅಂದ್ಮೇಲೆ ಬಿಗ್‌ಫುಟ್ ಇರೋದು ನಿಜ ಅಂತಾರೆ. ನಾನು ವೇಷ ಅಂದೆ. ಮಸಾಲೆ ದೋಸೆ ಬಾಜಿ ಆಗಿದೆ. ಯಾರು ಕೊಡಿಸ್ಬೇಕು? - ಓದುಗರು, ಸಾಗರ

ಉತ್ತರ: ಅದು ಫೋಟೋ ಅಲ್ಲ ಮಾರಾಯ್ರೆ, ಸಿನಿಮಾ ರೀಲಿಂದ ತೆಗೆದ ಒಂದು ಫ್ರೇಮು, 352ನೇದು. 1967ರ ಅಕ್ಟೋಬರ್ 20ರಂದು ಉತ್ತರ ಕ್ಯಾಲಿಫೋರ್ನಿಯಾದ ಬ್ಲಫ್ ಕ್ರೀಕ್ ಅನ್ನೋ ಹಳ್ಳದ ಹತ್ರ ರೋಜರ್ ಪ್ಯಾಟರ್ಸನ್, ಬಾಬ್ ಗಿಮ್ಲಿನ್ ಕುದುರೆ ಮೇಲೆ ಹೋಗ್ತಿದ್ರು, ಆಗ ಕಾಣಿಸ್ತು ಅಂತ ಪ್ಯಾಟರ್ಸನ್ ಬಾಡಿಗೆ ತಂದಿದ್ದ 16 ಎಂಎಂ ಕ್ಯಾಮೆರಾದಲ್ಲಿ ಶೂಟ್ ಮಾಡಿದ್ದು. ಹೋಗಿದ್ದೇ ಬಿಗ್‌ಫುಟ್ ಹುಡುಕಕ್ಕೆ, ಹಿಂದಿನ ವರ್ಷ ತಾನೇ ಅದರ ಬಗ್ಗೆ ಪುಸ್ತಕಾನೂ ಬರೆದಿದ್ದ ಮನುಷ್ಯ.

ಮನುಷ್ಯ ಹಿಂಗೆ ನಡಿಯಲ್ಲ ಅಂತ ನಿಮ್ ಭಾವ ಖಂಡಿತ ಹೇಳಿರ್ತಾರೆ. ಆದ್ರೆ ಕ್ಯಾಮೆರಾ ಯಾವ ಸ್ಪೀಡಿಗೆ ಇಟ್ಟಿತ್ತು ಅನ್ನೋದು ಪ್ಯಾಟರ್ಸನ್‌ಗೇ ಗ್ಯಾರಂಟಿ ಇರ್ಲಿಲ್ಲ. ಇರೋದು ಸುಮಾರು 950 ಫ್ರೇಮು, ಸೆಕೆಂಡಿಗೆ 24 ಅಂದ್ರೆ 40 ಸೆಕೆಂಡಲ್ಲಿ ಮುಗೀತು, ನಡಿಗೆ ನಮ್ ನಿಮ್ ತರಾನೇ ಕಾಣತ್ತೆ, ಅದೇ 16 ಅಂತ ಇಟ್ಕೊಂಡ್ರೆ ಒಂದು ನಿಮಿಷ ಹಿಡಿಯತ್ತೆ, ಆಗ ವಿಚಿತ್ರ ಅನ್ಸತ್ತೆ. ಹಂಗಾಗಿ ನಡಿಗೆ ನೋಡಿ ತೀರ್ಪು ಕೊಡೋದೇ ಕಷ್ಟ. ಈಗ ಓಡಾಡ್ತಿರೋ ‘ಎಐ ಕ್ಲಿಯರ್’ ವರ್ಷನ್ನಂತೂ ನೋಡ್ಲೇಬೇಡಿ, ರೀಲಲ್ಲಿ ಇಲ್ದಿರೋ ಕೂದಲನ್ನ ಸಾಫ್ಟ್‌ವೇರೇ ಬಿಡಿಸಿ ಕೂರಿಸಿರತ್ತೆ.

ಹಂಗಂತ ನೀವೂ ಗೆದ್ದಿಲ್ಲ. ಆ ವೇಷ ಹಾಕಿದ್ದು ನಾನೇ ಅಂತ ಬಾಬ್ ಹೈರೋನಿಮಸ್ ಅನ್ನೋರು ಹೇಳಿದಾರೆ, ಗೊರಿಲ್ಲಾ ಡ್ರೆಸ್ ಮಾರಿದ್ದು ನಾನು ಅಂತ ಇನ್ನೊಬ್ರೂ ಬಂದ್ರು, ಆದ್ರೆ ‘ಇದೇ ಆ ಡ್ರೆಸ್ಸು’ ಅಂತ ತಂದು ತೋರಿಸಿದೋರು ಯಾರೂ ಇಲ್ಲ. ನನಗೆ ಅನುಮಾನ ಬರೋದು ಚಿತ್ರಕ್ಕಿಂತ ಆ ಜಾಗದ ಮೇಲೆ. 1958ರಲ್ಲಿ ದೊಡ್ಡ ಹೆಜ್ಜೆ ಸಿಕ್ಕಿ ಪೇಪರಲ್ಲಿ ಬಂದು ಬಿಗ್‌ಫುಟ್ ಅನ್ನೋ ಹೆಸರು ಮನೆಮಾತಾಗಿದ್ದು ಇದೇ ಬ್ಲಫ್ ಕ್ರೀಕಿಂದ, ಅಲ್ಲಿ ರಸ್ತೆ ಕೆಲಸದ ಕಂಟ್ರಾಕ್ಟು ರೇ ವಾಲೇಸ್ ಅನ್ನೋರದ್ದು, 2002ರಲ್ಲಿ ಅವರು ತೀರ್ಕೊಂಡ್ಮೇಲೆ ಮನೆಯವ್ರು ಮರದಲ್ಲಿ ಕೆತ್ತಿದ ಪಾದ ತೆಗೆದು ತೋರಿಸಿದ್ರು! ಸುಳ್ಳು ಅಂತ ತೋರಿಸಕ್ಕಾಗಿಲ್ಲ ಅಂದ್ರೆ ನಿಜ ಅಂತೇನೂ ಅಲ್ಲ, ಇದೆ ಅನ್ನೋರೇ ತೋರಿಸ್ಬೇಕು, ಒಂದು ಮೂಳೇನಾದ್ರೂ. ಸದ್ಯಕ್ಕೆ ಅವರವರ ದೋಸೆ ದುಡ್ಡು ಅವರವರೇ ಕೊಟ್ಕೊಳ್ಳಿ.

ಪ್ರಶ್ನೆ: ಕಾಡಲ್ಲಿ ಕಟ್ಟೋ ಆಟೋಮ್ಯಾಟಿಕ್ ಕ್ಯಾಮೆರಾದಲ್ಲಿ ಬಿದ್ದಿದ್ರೆ ನಂಬಬಹುದಲ್ವಾ? ಅದಕ್ಕೆ ಮೋಸ ಮಾಡಕ್ಕೆ ಬರಲ್ಲ. - ಓದುಗರು, ಮೈಸೂರು

ಉತ್ತರ: ಕ್ಯಾಮೆರಾ ಮೋಸ ಮಾಡಲ್ಲ, ನೋಡೋ ನಾವು ಮೋಸ ಹೋಗ್ತೀವಿ. 2007ರಲ್ಲಿ ಪೆನ್ಸಿಲ್ವೇನಿಯಾದಲ್ಲಿ ಬೇಟೆಗಾರ ಒಬ್ರು ಇಟ್ಟಿದ್ದ ಕ್ಯಾಮೆರಾದಲ್ಲಿ ಸಣಕಲು ಮೈ, ಉದ್ದ ಕೈಕಾಲಿನ ಏನೋ ಒಂದು ಬಗ್ಗಿಕೊಂಡಿರೋ ಚಿತ್ರ ಬಿತ್ತು, ಮರಿ ಬಿಗ್‌ಫುಟ್ ಅಂತ ಗಲಾಟೆಯೋ ಗಲಾಟೆ. ಅಲ್ಲಿನ ವನ್ಯಜೀವಿ ಇಲಾಖೆಯವ್ರು ಕಜ್ಜಿ ಹತ್ತಿ ಕೂದಲು ಉದುರಿದ ಕರಡಿ ಅಂದ್ರು. ಅದೇ ಕ್ಯಾಮೆರಾದಲ್ಲಿ ಸ್ವಲ್ಪ ಮುಂಚೆ ಬಿದ್ದಿದ್ದು ಕರಡಿ ಮರಿಗಳ ಫೋಟೋ. ಹಂಗಾಗಿ ಯಾರಾದ್ರೂ ಒಂದೇ ಫೋಟೋ ಕಳಿಸಿದ್ರೆ ಹಿಂದಿಂದು ಮುಂದಿಂದು ಎಲ್ಲಿ ಅಂತ ಕೇಳಿ.

ಪ್ರಶ್ನೆ: ಹಿಮಾಲಯದಲ್ಲಿ ಬಿಗ್‌ಫುಟ್ ತರಾನೇ ಯೇತಿ ಅನ್ನೋ ಹಿಮಮಾನವ ಇದೆ ಅಂತಾರಲ್ಲ, ನಮ್ ಸೈನ್ಯದವ್ರೇ ಅದರ ಹೆಜ್ಜೆ ಫೋಟೋ ಹಾಕಿದ್ರಲ್ಲ, ಅದೂ ಸುಳ್ಳಾ? - ಓದುಗರು, ಧಾರವಾಡ

ಉತ್ತರ: ಫೋಟೋ ಸುಳ್ಳಲ್ಲ ರೀ. 2019ರ ಏಪ್ರಿಲ್‌ನಲ್ಲಿ ನೇಪಾಳದ ಮಕಾಲು ಬೇಸ್ ಕ್ಯಾಂಪ್ ಹತ್ರ 32 ಇಂಚು ಉದ್ದ, 15 ಇಂಚು ಅಗಲದ ಗುರುತು ಕಂಡ್ವು ಅಂತ ಟ್ವೀಟ್ ಮಾಡಿದ್ರು. ಹಿಮದಲ್ಲಿ ಕುಳಿ ಬಿದ್ದಿರೋದಂತೂ ಖರೆ, ಆದ್ರೆ ಬಿಸಿಲಿಗೆ ಅಂಚು ಕರಗಿದ್ರೆ ಸಣ್ಣ ಹೆಜ್ಜೇನೂ ದೊಡ್ಡದಾಗತ್ತೆ, ಮೇಲಾಗಿ ಕರಡಿ ಮುಂಗಾಲು ಇಟ್ಟಲ್ಲೇ ಹಿಂಗಾಲನ್ನೂ ಇಟ್ರೆ ಎರಡೂ ಸೇರಿ ಒಂದೇ ಉದ್ದ ಪಾದದ ತರ ಕಾಣತ್ತೆ. ಯೇತೀದು ಅಂತ ಇಟ್ಕೊಂಡಿದ್ದ ಮೂಳೆ, ಹಲ್ಲು, ಚರ್ಮ, ಕೂದಲಂಥ ಒಂಬತ್ತು ಸ್ಯಾಂಪಲ್ಲಿನ ಡಿಎನ್‌ಎ ಟೆಸ್ಟು 2017ರಲ್ಲಿ ಪ್ರಕಟ ಆಯ್ತು. ಎಂಟು ಕರಡೀದು. ಉಳಿದ ಒಂದು ನಾಯೀದು.