ಅಣ್ಣ ಮಾಡಿದ ಅನುವಾದ ಕೆನಡಾಕ್ಕೆ ನಡೆಯುತ್ತಾ?

ಪ್ರಶ್ನೆ: ನಾನು, ನಮ್ಮ ಯಜಮಾನರು ಕೆನಡಾ ಪಿಆರ್‌ಗೆ (ಅಲ್ಲೇ ಕಾಯಂ ಆಗಿ ನೆಲೆಸುವ ಅನುಮತಿಗೆ) ಅರ್ಜಿ ಹಾಕುತ್ತಿದ್ದೇವೆ. ನನ್ನ ಜನನ ಪ್ರಮಾಣಪತ್ರ ಕೈಬರಹದ ಕನ್ನಡದಲ್ಲಿದೆ, ನಿಕಾಹ್‌ನಾಮಾ ಉರ್ದುವಿನಲ್ಲಿದೆ. ನಮ್ಮಣ್ಣ ಕಾಲೇಜಿನಲ್ಲಿ ಇಂಗ್ಲಿಷ್ ಲೆಕ್ಚರರ್. ಎರಡನ್ನೂ ಅವರೇ ಅನುವಾದ ಮಾಡಿ ನೋಟರಿ ಸೀಲ್ ಹಾಕಿಸಿದ್ದಾರೆ. ಅಮೆರಿಕಕ್ಕೆ ಹೋದ ಪರಿಚಯದವರು ನೋಟರಿಯೇ ಬೇಡ ಅನ್ನುತ್ತಾರೆ. ಇನ್ನೊಂದು, ಪತ್ರದಲ್ಲಿ ಊರು ಗುಲಬರ್ಗಾ ಅಂತಿದೆ. ಅನುವಾದದಲ್ಲಿ ಕಲಬುರಗಿ ಅಂತ ತಿದ್ದಿಸಬೇಕಾ?
– ಓದುಗರು, ಕಲಬುರಗಿ

ಉತ್ತರ: ನಿಮ್ಮಣ್ಣನ ಇಂಗ್ಲಿಷ್ ಬಗ್ಗೆ ನನಗೆ ಅನುಮಾನವಿಲ್ಲ. ಆದರೂ ಆ ಅನುವಾದ ನಡೆಯುವುದಿಲ್ಲ. ಅರ್ಜಿ ಹಾಕಿದವರು, ಅವರ ಮನೆಯವರು ಮಾಡಿದ ಅನುವಾದವನ್ನು ಕೆನಡಾದ ವಲಸೆ ಇಲಾಖೆ ಒಪ್ಪುವುದಿಲ್ಲ. ಆ ಪಟ್ಟಿ ನಮ್ಮ ಕಡೆ ಮದುವೆಗೆ ಕರೆಯುವವರ ಪಟ್ಟಿಯ ಹಾಗೇ ಇದೆ: ಅಪ್ಪ, ಅಮ್ಮ, ಗಂಡ, ಮಕ್ಕಳು, ಅಣ್ಣ, ತಂಗಿ, ಅಜ್ಜ, ಅಜ್ಜಿ, ಸೋದರಮಾವ, ಚಿಕ್ಕಮ್ಮ, ಕೊನೆಗೆ ಚಿಕ್ಕಪ್ಪನ ಮಗನೂ ಅದರಲ್ಲಿದ್ದಾನೆ. ನೋಟರಿ ಸೀಲ್ ಬಿದ್ದರೂ ಅಷ್ಟೇ. ಅನುವಾದ ಮಾಡಿದವರು ತಮ್ಮೆದುರು ಪ್ರಮಾಣ ಮಾಡಿ ಸಹಿ ಹಾಕಿದರು ಅಂತ ಮಾತ್ರ ನೋಟರಿ ಹೇಳುವುದು, ಅನುವಾದ ಸರಿಯಿದೆ ಅಂತಲ್ಲ.

ಅಮೆರಿಕದ ಪರಿಚಯದವರು ಸುಳ್ಳು ಹೇಳಿಲ್ಲ. ಅಲ್ಲಿ ಅನುವಾದ ಪೂರ್ತಿಯಾಗಿದೆ, ಸರಿಯಿದೆ, ನನಗೆ ಎರಡೂ ಭಾಷೆ ಬರುತ್ತದೆ ಅಂತ ಅನುವಾದಕರು ಬರೆದು ಸಹಿ ಹಾಕಿದರೆ ಸಾಕು. ನೀವು ಹೊರಟಿರುವುದು ಕೆನಡಾಕ್ಕೆ ಅಲ್ವಾ?

ಸಂಬಂಧಿಕರಲ್ಲದ ಒಬ್ಬರನ್ನು ಹುಡುಕಿ. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ಊರು ನಮ್ಮದು, ಕನ್ನಡ, ಉರ್ದು, ಇಂಗ್ಲಿಷ್ ಮೂರೂ ಬಲ್ಲ ರಿಟೈರ್ಡ್ ಮೇಷ್ಟ್ರು ಬೇಕೆಂದರೆ ಕಲಬುರಗಿಯಲ್ಲಿ ಸಿಗದೇ ಇರುವುದಿಲ್ಲ. ಅವರು ಸರ್ಟಿಫೈಡ್ ಅನುವಾದಕರಲ್ಲದಿದ್ದರೆ, ಅಂದರೆ ಅನುವಾದಕರ ವೃತ್ತಿಸಂಘದ ಮಾನ್ಯತೆ ಇಲ್ಲದವರಾದರೆ, ನೋಟರಿ ಮುಂದೆ ಅಫಿಡವಿಟ್ (ಅನುವಾದ ಸರಿಯಿದೆ ಅಂತ ಪ್ರಮಾಣ ಮಾಡಿ ಸಹಿ ಹಾಕುವ ಪತ್ರ) ಮಾಡಿಕೊಡಬೇಕು. ಯಾವ ಪ್ರತಿ ನೋಡಿ ಅನುವಾದ ಮಾಡಿದರೋ ಅದರ ನಕಲನ್ನೂ ಜೊತೆಗಿಡಿ.

ಜಾಸ್ತಿ ಜನ ಎಡವುವುದು ಸೀಲ್‌ನಲ್ಲಿ. ಮೇಲಿನ ಬರಹವನ್ನೆಲ್ಲ ಚೆಂದಾಗಿ ಅನುವಾದ ಮಾಡಿ, ಕೆಳಗಿನ ದುಂಡು ಮೊಹರು ಬಿಟ್ಟುಬಿಡುತ್ತಾರೆ. ಅದರೊಳಗಿನ ಉರ್ದು, ಕನ್ನಡ ಅಕ್ಷರವೂ ಇಂಗ್ಲಿಷಿಗೆ ಬರಬೇಕು, ಅಂಚಿನಲ್ಲಿ ಖಾಜಿ ಸಾಹೇಬರು ಪೆನ್ನಿನಲ್ಲಿ ಗೀಚಿದ ಒಂದು ಸಾಲಿದ್ದರೆ ಅದೂ ಬರಬೇಕು. ಅಳಿಸಿ ಹೋಗಿದ್ದರೆ ‘ಓದಲು ಬರುವುದಿಲ್ಲ’ ಅಂತ ಬರೆಯಲಿ, ಊಹಿಸಿ ತುಂಬುವುದು ಬೇಡ. ತಾರೀಖು ಹಿಜರಿಯಲ್ಲಿದ್ದರೆ ಹಿಜರಿಯಲ್ಲೇ ಇರಲಿ.

ಊರಿನ ಹೆಸರನ್ನೂ ಮುಟ್ಟಬೇಡಿ. ಗುಲಬರ್ಗಾ ಸರಕಾರಿ ಲೆಕ್ಕದಲ್ಲಿ ಕಲಬುರಗಿ ಆಗಿದ್ದು 2014ರ ನವೆಂಬರ್ 1ರಂದು, ನಿಮ್ಮ ಪತ್ರ ಅದಕ್ಕಿಂತ ಹಳೆಯದು. ಹೆಸರು ಬದಲಾಗಿದ್ದನ್ನು ಬೇರೆ ಹಾಳೆಯಲ್ಲಿ ಎರಡು ಸಾಲು ಬರೆದು ತಿಳಿಸಿ. ನಿಮ್ಮ ಹೆಸರಿನ ಸ್ಪೆಲ್ಲಿಂಗ್ ಮಾತ್ರ ಪಾಸ್‌ಪೋರ್ಟ್‌ನಲ್ಲಿ ಇದ್ದಂತೆ ಹಾಕಲು ಹೇಳಿ.

ಹಾಂ, ದುಡ್ಡು ಕೊಡುವ ಮೊದಲು ಜನನ ಪತ್ರದ ಹೊಸ ಪ್ರತಿಗೆ ಒಮ್ಮೆ ಅರ್ಜಿ ಹಾಕಿ ನೋಡಿ. ಈಗಿನ ಕಂಪ್ಯೂಟರ್ ಪ್ರತಿಯಲ್ಲಿ ಕನ್ನಡದ ಜೊತೆ ಇಂಗ್ಲಿಷೂ ಇರುತ್ತದೆ. ನಿಮ್ಮ ವಿವರವೆಲ್ಲ ಎರಡರಲ್ಲೂ ಬಂದಿದ್ದರೆ ಅನುವಾದಕ್ಕೆ ಉಳಿಯುವುದು ನಿಕಾಹ್‌ನಾಮಾ ಒಂದೇ.