ಕಪಾಟಿನ ತುಂಬ ಕಿಟ್, ಕೂರೋಕೆ ಮಾತ್ರ ಮನಸ್ಸಿಲ್ಲ!

ಬಿಡುವಿನ ವೇಳೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾನು ಹಾಸನದವನು, ವಯಸ್ಸು ನಲವತ್ತು ದಾಟಿದೆ. ಕಾಲೇಜಿನ ದಿನಗಳಿಂದಲೂ ಪ್ಲಾಸ್ಟಿಕ್ ವಿಮಾನದ ಮಾಡೆಲ್ ಕಟ್ಟುವ ಹುಚ್ಚು. ಆಗ ಸಿಕ್ಕಿದ ಕಿಟ್ಟನ್ನು ಸಿಕ್ಕಿದ ಗಮ್‌ನಲ್ಲಿ ಅಂಟಿಸಿ, ಬ್ರಷ್‌ನಲ್ಲಿ ಬಣ್ಣ ಬಳಿದು ಕಿಟಕಿಯಲ್ಲಿ ಇಟ್ಟರೆ ವಾರವೆಲ್ಲ ಖುಷಿ. ಆಮೇಲೆ ಸಂಬಳ ಬಂತು, ಗಾಳಿಯ ಒತ್ತಡದಲ್ಲಿ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಬಂತು, ಕಂಪ್ರೆಸರ್ ಬಂತು, ಲೋಹದ ಹಾಳೆಯ ಸಣ್ಣಸಣ್ಣ ತುಂಡುಗಳು ಬಂದವು. ಈಗ ಕಪಾಟಿನ ತುಂಬ ಬಿಚ್ಚದ ಡಬ್ಬಿಗಳು. 1/48 ಅಳತೆಯ ಸುಖೋಯ್-30 ಒಂದು ಅರ್ಧಕ್ಕೆ ನಿಂತಿದೆ, ಅದರ ಬೂದು ಬಣ್ಣ ಯಾವ ಛಾಯೆ ಅಂತ ಓದೀ ಓದೀ ಸಾಕಾಗಿದೆ. ಮೇಜಿನ ಮುಂದೆ ಕೂತರೆ ಆಫೀಸಿನ ಫೈಲ್ ಮುಂದೆ ಕೂತ ಹಾಗೆ ಆಗುತ್ತದೆ. ಎಲ್ಲ ಮಾರಿಬಿಡಲೇ?

ಉತ್ತರ: ಮಾರಬೇಡಿ. ಈ ತಿಂಗಳಂತೂ ಬೇಡ. ಬೇಸರದಲ್ಲಿ ಮಾರಿದವರು ಸ್ವಲ್ಪ ದಿನಕ್ಕೇ ಅದೇ ಕಿಟ್ಟನ್ನು ಜಾಸ್ತಿ ದುಡ್ಡು ಕೊಟ್ಟು ವಾಪಸ್ ತರುವುದನ್ನು ನೋಡಿದ್ದೇನೆ.

ಮೊದಲು ಆ ಸುಖೋಯ್ ವಿಮಾನವನ್ನು ತುಂಡುಗಳ ಸಮೇತ ಡಬ್ಬಿಗೆ ಹಾಕಿ ಅಟ್ಟಕ್ಕೆ ಕಳಿಸಿ. ನಿಜವಾದ ಸುಖೋಯ್-30 ಹತ್ತಿರ ಹತ್ತಿರ 22 ಮೀಟರ್ ಉದ್ದ. 1/48ಕ್ಕೆ ಇಳಿಸಿದರೂ ಒಂದೂವರೆ ಅಡಿ ಆಗುತ್ತದೆ, ಅರ್ಧ ಮೇಜು ಅದಕ್ಕೇ ಹೋಯಿತು. ಅದು ಕಣ್ಣೆದುರು ಇರುವಷ್ಟು ದಿನ ಬೇರೆ ಏನನ್ನೂ ಶುರು ಮಾಡಲು ಕೈ ಬರುವುದಿಲ್ಲ, ಇದನ್ನು ಮುಗಿಸದೆ ಇನ್ನೊಂದಕ್ಕೆ ಹೇಗೆ ಕೈ ಹಾಕೋದು ಅನ್ನುವ ಕೊರಗು ಬೇರೆ. ಯಾರೂ ನಿಮಗೆ ಗಡುವು ಕೊಟ್ಟಿಲ್ಲ ಅಲ್ವಾ? ಬೂವನಹಳ್ಳಿಯ ವಿಮಾನ ನಿಲ್ದಾಣಕ್ಕೇ ಇಷ್ಟು ವರ್ಷ ಕಾದಿರುವ ಊರಿನವರು ನೀವು, ಒಂದು ಸುಖೋಯ್ ಕಾಯಲಿ ಬಿಡಿ.

ಆಮೇಲೆ 1/72 ಅಳತೆಯ ಒಂದು ಸಾದಾ ಕಿಟ್ ತೆಗೆದುಕೊಳ್ಳಿ. ನಿಮಗೆ ಇದು ಗೊತ್ತಿರುತ್ತದೆ, ಹೊಸಬರಿಗಾಗಿ ಹೇಳುತ್ತೇನೆ: 1/72 ಅಂದರೆ ಆರು ಅಡಿಗೆ ಒಂದು ಇಂಚು. ಆರಡಿ ಎತ್ತರದ ಪೈಲಟ್ ಮೇಜಿನ ಮೇಲೆ ಒಂದೇ ಇಂಚು. ನಾಲ್ಕು ಅಡಿಗೆ ಒಂದು ಇಂಚು ಹಿಡಿದರೆ 1/48. ಈ ವಿಚಿತ್ರ ಸಂಖ್ಯೆಗಳೆಲ್ಲ ಅಡಿ, ಇಂಚಿನ ಲೆಕ್ಕದಿಂದ ಬಂದವು.

ಯಾವ ವಿಮಾನ? ನನ್ನನ್ನು ಕೇಳಿದರೆ ನ್ಯಾಟ್. ಅದು ಹುಟ್ಟಿದ ಕಥೆಗೂ ನಿಮ್ಮ ಪತ್ರಕ್ಕೂ ನಂಟಿದೆ. 1950ರ ಆಸುಪಾಸಿನಲ್ಲಿ ಬ್ರಿಟನ್ನಿನ ಟೆಡ್ಡಿ ಪೆಟ್ಟರ್ ಎಂಬ ಎಂಜಿನಿಯರ್‌ಗೆ ಯುದ್ಧವಿಮಾನಗಳ ಮೇಲೆ ಬೇಸರ ಬಂದಿತ್ತು. ಕ್ಯಾನ್‌ಬೆರಾ ಬಾಂಬರ್ ವಿನ್ಯಾಸ ಮಾಡಿದ ಮನುಷ್ಯ ಅವರು, ಸಾಮಾನ್ಯದವರಲ್ಲ. ವಿಮಾನಗಳು ವರ್ಷದಿಂದ ವರ್ಷಕ್ಕೆ ದಪ್ಪ ಆಗುತ್ತಿವೆ, ತೂಕ ಜಾಸ್ತಿ, ಬೆಲೆ ಜಾಸ್ತಿ, ಗೋಜಲು ಜಾಸ್ತಿ ಅನ್ನುವುದು ಅವರ ದೂರು. ಫೋಲಂಡ್ ಅನ್ನುವ ಸಣ್ಣ ಕಂಪನಿಗೆ ಹೋಗಿ, ಬೇಡದ್ದನ್ನೆಲ್ಲ ಬಿಟ್ಟು ಪುಟಾಣಿ ವಿಮಾನವೊಂದನ್ನು ಮಾಡಿದರು. ಅದು 1955ರ ಜುಲೈನಲ್ಲಿ ಹಾರಿತು. ಬ್ರಿಟನ್ನಿನ ವಾಯುಪಡೆ ಅದನ್ನು ಫೈಟರ್ ಆಗಿ ತೆಗೆದುಕೊಳ್ಳಲಿಲ್ಲ, ತರಬೇತಿಗೆ ಮಾತ್ರ ಇಟ್ಟುಕೊಂಡಿತು. ನಾವು ತೆಗೆದುಕೊಂಡೆವು. ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲೇ ತಯಾರಾಯಿತು. 1965ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್ ವಿಮಾನಗಳ ಬೆನ್ನು ಹತ್ತಿ ಹೆಸರು ಮಾಡಿತು. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಆರು ಸೇಬರ್‌ಗಳು ಎರಗಿದಾಗ ನಿರ್ಮಲ್ ಜಿತ್ ಸಿಂಗ್ ಸೆಖೋನ್ ಎದುರಿಸಿದ್ದೂ ನ್ಯಾಟ್‌ನಲ್ಲೇ. ಆ ಹೋರಾಟದಲ್ಲಿ ಅವರು ಹುತಾತ್ಮರಾದರು. ವಾಯುಪಡೆಗೆ ಇದುವರೆಗೆ ಸಿಕ್ಕಿರುವ ಒಂದೇ ಪರಮವೀರ ಚಕ್ರ ಅವರದು.

ಈಗ ಕಿಟ್ ವಿಷಯ. ಏರ್‌ಫಿಕ್ಸ್ ಕಂಪನಿಯ 1/72 ನ್ಯಾಟ್ ಸಣ್ಣದು, ತುಂಡುಗಳು ಕಮ್ಮಿ. ರೆಕ್ಕೆಯ ಈ ತುದಿಯಿಂದ ಆ ತುದಿಗೆ ಹತ್ತು ಸೆಂಟಿಮೀಟರ್ ಆಸುಪಾಸು, ಅಂಗೈ ಮೇಲೆ ಕೂರುತ್ತದೆ. ಆದರೆ ಅದು ಎರಡು ಸೀಟಿನ ತರಬೇತಿ ವಿಮಾನ. ಬ್ರಿಟನ್ನಿನ ರೆಡ್ ಆ್ಯರೋಸ್ ತಂಡ 1979ರವರೆಗೆ ಹಾರಿಸಿದ ಕೆಂಪು ನ್ಯಾಟ್. ಸೆಖೋನ್ ಹಾರಿಸಿದ್ದು ಒಂದೇ ಸೀಟಿನದು, ಅದರ ರೆಕ್ಕೆಯೂ ಚಿಕ್ಕದು. ಇದನ್ನು ಓದಿದ ಕೂಡಲೇ ನಿಮಗೆ ಏನನ್ನಿಸಿತು ಅಂತ ಹೇಳಲೇ? ಮೂಗು ಕತ್ತರಿಸಿ, ರೆಕ್ಕೆ ತಿದ್ದಿ, ನಮ್ಮ ವಾಯುಪಡೆಯ ಡೆಕಾಲ್ (ವಿಮಾನದ ಮೇಲೆ ಅಂಟಿಸುವ ಗುರುತಿನ ಚಿತ್ರ) ಎಲ್ಲಾದರೂ ಹುಡುಕಿ ಒಂದೇ ಸೀಟಿನದು ಮಾಡಿಬಿಡೋಣ ಅಂತ. ಬೇಡ. ನಿಮ್ಮ ಹವ್ಯಾಸ ಕೆಟ್ಟಿದ್ದೇ ಈ ದಾರಿಯಲ್ಲಿ. ಡಬ್ಬಿಯಲ್ಲಿ ಕೆಂಪು ವಿಮಾನ ಇದೆಯಾ, ಕೆಂಪು ವಿಮಾನವನ್ನೇ ಮಾಡಿ. ಡಬ್ಬಿಯಲ್ಲಿ ಇಲ್ಲದ ಒಂದು ತುಂಡನ್ನೂ ಕೊಳ್ಳಬೇಡಿ, ಬಣ್ಣದ ಛಾಯೆ ಬಗ್ಗೆ ಒಂದು ಸಾಲನ್ನೂ ಓದಬೇಡಿ. ಏರ್‌ಬ್ರಷ್ ಕೂಡ ಒಳಗಿಡಿ, ಯಾಕೆಂದರೆ ಅದನ್ನು ತೊಳೆಯುವ ಹೊತ್ತಿನಲ್ಲಿ ಈ ಇಡೀ ವಿಮಾನಕ್ಕೆ ಒಂದು ಕೋಟ್ ಬಳಿಯಬಹುದು.

ಕೂರುವ ಮೊದಲು ಚೌಕಟ್ಟನ್ನು, ಅಂದರೆ ಸ್ಪ್ರೂವನ್ನು, ಪಾತ್ರೆ ಸೋಪು ಹಾಕಿದ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆಯಿರಿ. ಅಚ್ಚಿನಿಂದ ಬಿಡಿಸಲು ಹಾಕಿದ ಎಣ್ಣೆಯ ಪಸೆ ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ತುಂಡುಗಳನ್ನು ತಿರುಚಿ ಕೀಳಬೇಡಿ, ಕತ್ತರಿಸಿ. ಒಳ್ಳೆಯ ನಿಪ್ಪರ್ ಇಲ್ಲದಿದ್ದರೆ ಹರಿತವಾದ ನೈಲ್ ಕಟರ್ ಸಾಕು, ತುಂಡಿನಿಂದ ಸ್ವಲ್ಪ ದೂರಕ್ಕೆ ಕತ್ತರಿಸಿ ಉಳಿದದ್ದನ್ನು ಉಜ್ಜಿದರಾಯಿತು. ಅಂಟು ಹಚ್ಚುವ ಮೊದಲು ಎರಡು ಭಾಗಗಳನ್ನು ಸುಮ್ನೆ ಜೋಡಿಸಿ ನೋಡಿ. ಈ ಸುಮ್ನೆ ನೋಡುವ ಹೊತ್ತೇ ನನಗಂತೂ ಇಡೀ ಕೆಲಸದಲ್ಲಿ ಇಷ್ಟವಾದ ಹೊತ್ತು, ಯಾವ ತುಂಡು ಎಲ್ಲಿ ಕೂರುತ್ತದೆ ಅನ್ನುವುದು ಬೆರಳಿಗೆ ಗೊತ್ತಾಗುತ್ತಾ ಹೋಗುತ್ತದೆ.

ಅಂಟಿನ ಬಗ್ಗೆ ಒಂದು ಮಾತು. ಮಾಡೆಲ್‌ಗೆಂದೇ ಬರುವ ಸಿಮೆಂಟ್ ನಿಜವಾಗಿ ಅಂಟಲ್ಲ, ಅದು ಪ್ಲಾಸ್ಟಿಕ್ಕನ್ನೇ ಕೊಂಚ ಕರಗಿಸಿ ಎರಡನ್ನೂ ಬೆಸೆಯುತ್ತದೆ. ಹಾಗಾಗಿ ಸ್ವಲ್ಪವೇ ಹಚ್ಚಬೇಕು, ಜಾಸ್ತಿ ಆದರೆ ಹೊರಗೆ ಹರಿದು ಗೆರೆಗಳನ್ನು ತಿಂದುಹಾಕುತ್ತದೆ. ಕಾಕ್‌ಪಿಟ್ ಮೇಲಿನ ಪಾರದರ್ಶಕ ಮುಚ್ಚಳಕ್ಕೆ ಮಾತ್ರ ಸಿಮೆಂಟೂ ಬೇಡ, ಸೂಪರ್ ಗ್ಲೂ ಕೂಡ ಬೇಡ. ಸೂಪರ್ ಗ್ಲೂನ ಆವಿ ಕೂತು ಒಳಗೆಲ್ಲ ಬಿಳಿ ಮಂಜು ಕವಿಯುತ್ತದೆ. ಮಕ್ಕಳ ಬಿಳಿ ಫೆವಿಕಾಲ್ ಸಾಕು, ಒಣಗಿದ ಮೇಲೆ ಕಾಣುವುದಿಲ್ಲ, ಹೆಚ್ಚಾದದ್ದನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಮೂಗಿನ ಗಾಲಿ ಇರುವ ವಿಮಾನವಾದ್ದರಿಂದ ಕೈಪಿಡಿಯಲ್ಲಿ ಮೂಗಿಗೆ ತೂಕ ಹಾಕಿ ಅಂತ ಬರೆದಿದ್ದರೆ ಹಾಕಿ, ಎರಡು ಸಣ್ಣ ನಟ್ ಸಾಕು. ಇಲ್ಲದಿದ್ದರೆ ಬಾಲದ ಮೇಲೆ ಕೂತುಬಿಡುತ್ತದೆ, ಹೊಟ್ಟೆ ಮುಚ್ಚಿದ ಮೇಲೆ ಏನೂ ಮಾಡುವ ಹಾಗಿಲ್ಲ. ಹಾರುವ ಭಂಗಿಯಲ್ಲಿ ಸ್ಟ್ಯಾಂಡ್ ಮೇಲೆ ಇಡುವುದಾದರೆ ಆ ಚಿಂತೆಯೇ ಇಲ್ಲ.

ಎರಡು ಅರ್ಧಗಳು ಸೇರಿದ ಗೆರೆಯನ್ನು ಹಾರ್ಡ್‌ವೇರ್ ಅಂಗಡಿಯ 400, ಆಮೇಲೆ 1000 ನಂಬರಿನ ವಾಟರ್ ಪೇಪರ್‌ನಲ್ಲಿ ನೀರು ಮುಟ್ಟಿಸಿ ಉಜ್ಜಿ. ಫ್ಯಾನ್ಸಿ ಸ್ಟೋರ್‌ನ ಉಗುರಿನ ಬಫರ್ ಕೂಡ ಚೆನ್ನಾಗಿ ಕೆಲಸ ಮಾಡುತ್ತದೆ. ಕೆಂಪು ಸ್ವಲ್ಪ ಹಟಮಾರಿ ಬಣ್ಣ, ಬೂದು ಪ್ಲಾಸ್ಟಿಕ್ ಮೇಲೆ ನೇರವಾಗಿ ಬಳಿದರೆ ಕೊಳಕಾಗಿ ಕಾಣುತ್ತದೆ. ಮೊದಲು ಬಿಳಿ ಬಳಿದು ಒಣಗಿಸಿ, ಮೇಲೆ ತೆಳ್ಳಗೆ ಎರಡು ಮೂರು ಕೋಟ್ ಕೆಂಪು. ಬ್ರಷ್ಷಿನ ಗುರುತು ಅಲ್ಲಲ್ಲಿ ಉಳಿಯುತ್ತದೆ. ಉಳಿಯಲಿ. ಎರಡಡಿ ದೂರದಿಂದ ಯಾರಿಗೂ ಕಾಣುವುದಿಲ್ಲ. ಹತ್ತಿರ ಬಂದು ಟಾರ್ಚ್ ಹಾಕಿ ನೋಡುವ ಗೆಳೆಯ ಇದ್ದರೆ ಅವನಿಗೆ ಕಾಫಿ ಕೊಟ್ಟು ಹೊರಗೆ ಕೂರಿಸಿ.

ಇದು ಮುಗಿಯುವವರೆಗೆ ಇನ್ನೊಂದು ಡಬ್ಬಿ ಬಿಚ್ಚಬೇಡಿ. ಮುಗಿಸುವ ಅಭ್ಯಾಸವೇ ತಪ್ಪಿಹೋಗಿದೆ ನಿಮಗೆ, ಅದು ಮೊದಲು ವಾಪಸ್ ಬರಬೇಕು. ಮುಗಿದ ಮೇಲೂ ಖುಷಿ ಅನ್ನಿಸದಿದ್ದರೆ ಬರೆಯಿರಿ, ಆಗ ಮಾರುವ ಮಾತಾಡೋಣ.

ಪ್ರಶ್ನೆ: ನಮ್ಮದು ಮೂಡಿಗೆರೆ ಹತ್ತಿರ ಕಾಫಿ ತೋಟ. ಮಳೆಗಾಲದಲ್ಲಿ ಬಿಡುವು ಅಂತ ಮಾಡೆಲ್ ಕಟ್ಟಲು ಕೂತೆ. ಸ್ಪ್ರೇ ಹೊಡೆದ ಕಡೆ ಎಲ್ಲ ಬೂಸ್ಟು ಹಿಡಿದ ಹಾಗೆ ಬಿಳಿಚಿಕೊಂಡಿದೆ. ಡಬ್ಬಿ ನಕಲಿಯೇ?

ಉತ್ತರ: ಡಬ್ಬಿಯದಲ್ಲ, ಜುಲೈ ತಿಂಗಳಿನ ತಪ್ಪು. ಸ್ಪ್ರೇಯಲ್ಲಿರುವ ದ್ರಾವಕ ಬೇಗ ಆರುತ್ತದೆ, ಆರುವಾಗ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ. ಗಾಳಿಯಲ್ಲಿರುವ ನೀರಿನ ಪಸೆ ಅಲ್ಲಿ ಕೂತು ಬಣ್ಣದೊಳಗೆ ಸಿಕ್ಕಿಕೊಳ್ಳುತ್ತದೆ. ಮಲೆನಾಡಿನ ಮಳೆಯಲ್ಲಿ ಗಾಳಿಯಲ್ಲಿ ಪಸೆಗೆ ಏನು ಬರ! ಒಣ ಹವೆಯ ದಿನ ಅದರ ಮೇಲೆ ಮತ್ತೊಂದು ತೆಳು ಕೋಟ್ ಹೊಡೆದರೆ ಎಷ್ಟೋ ಸಲ ಸರಿಹೋಗುತ್ತದೆ.

ಮಳೆಗಾಲದಲ್ಲಿ ಕತ್ತರಿಸುವುದು, ಅಂಟಿಸುವುದು, ಉಜ್ಜುವುದು ಇಟ್ಟುಕೊಳ್ಳಿ. ಬಣ್ಣ ಹಚ್ಚಲೇಬೇಕಾದರೆ ನೀರಿನಲ್ಲಿ ಕರಗುವ ಆ್ಯಕ್ರಿಲಿಕ್, ಬ್ರಷ್‌ನಲ್ಲಿ. ಒಂದು ಕೋಟ್ ಆದ ಮೇಲೆ ಇನ್ನೊಂದಕ್ಕೆ ಮಾರನೆಯ ದಿನ ಕೂರಿ, ಅವಸರ ಬೇಡ. ಸ್ಪ್ರೇ ಕೆಲಸ ನವೆಂಬರ್ ಮೇಲೆ. ಅಷ್ಟು ಹೊತ್ತಿಗೆ ನಿಮಗೆ ಅರೇಬಿಕಾ ಕೊಯ್ಲು, ಅದು ಮುಗಿಯುತ್ತಿದ್ದಂತೆ ರೊಬಸ್ಟಾ, ಹಾಗಾಗಿ ಬಿಸಿಲಿದ್ದರೆ ನೀವಿಲ್ಲ, ನೀವಿದ್ದರೆ ಬಿಸಿಲಿಲ್ಲ. ಇದಕ್ಕೆ ನನ್ನ ಹತ್ತಿರವೂ ಪರಿಹಾರ ಇಲ್ಲ, ಕಣದಲ್ಲಿ ಕಾಫಿ ಹರಡಿದ ದಿನ ಪಕ್ಕದಲ್ಲೇ ಒಂದು ರೆಕ್ಕೆಗೂ ಬಣ್ಣ ಹೊಡೆದುಬಿಡಿ ಅನ್ನಬಹುದು ಅಷ್ಟೇ.

ಬೇಗ ಒಣಗಲಿ ಅಂತ ಬಚ್ಚಲೊಲೆ ಪಕ್ಕ ಮಾತ್ರ ಇಡಬೇಡಿ. ಇದು ಪಾಲಿಸ್ಟೈರೀನ್ ಪ್ಲಾಸ್ಟಿಕ್, ಬಿಸಿಗೆ ರೆಕ್ಕೆ ಬಾಗುತ್ತದೆ. ಡೆಕಾಲ್ ಹಾಳೆಗಳನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಕವರಿನಲ್ಲಿ ಇಡಿ. ಹಳೆಯ ಡೆಕಾಲ್ ಹಳದಿಯಾಗಿದ್ದರೆ ಬಿಸಿಲು ಬೀಳುವ ಕಿಟಕಿ ಗಾಜಿಗೆ ಕೆಲವು ದಿನ ಅಂಟಿಸಿಡಿ, ಹಳದಿ ಬಹುಮಟ್ಟಿಗೆ ಹೋಗುತ್ತದೆ.

ಪ್ರಶ್ನೆ: ನನ್ನ ಗಂಡ ತಿಂಗಳಿಗೊಂದು ವಿಮಾನದ ಡಬ್ಬಿ ತರಿಸುತ್ತಾರೆ, ಒಂದನ್ನೂ ಕಟ್ಟಿದ್ದು ನೋಡಿಲ್ಲ. ಇದು ಹವ್ಯಾಸವೇ? (ಅರಸೀಕೆರೆ)

ಉತ್ತರ: ಕೊಳ್ಳುವುದು ಒಂದು ಹವ್ಯಾಸ, ಕಟ್ಟುವುದು ಇನ್ನೊಂದು. ನಿಮ್ಮವರದು ಮೊದಲನೆಯದು. ಎಲ್ಲಕ್ಕಿಂತ ಚಿಕ್ಕ ಡಬ್ಬಿಯನ್ನು ನೀವೇ ಬಿಚ್ಚಿ ಕಟ್ಟಲು ಕೂತುಬಿಡಿ, ಹತ್ತು ನಿಮಿಷದಲ್ಲಿ ಪಕ್ಕಕ್ಕೆ ಬಂದು ಕೂರುತ್ತಾರೆ. ಕಿಟಕಿ ತೆಗೆದಿರಲಿ, ಸಿಮೆಂಟು, ಥಿನ್ನರಿನ ವಾಸನೆ ಮುಚ್ಚಿದ ಕೋಣೆಯಲ್ಲಿ ಒಳ್ಳೆಯದಲ್ಲ.

ಪ್ರಶ್ನೆ: ನನ್ನ ಮಗಳಿಗೆ ಹನ್ನೊಂದು ವರ್ಷ. ಫೈಟರ್ ವಿಮಾನ ಮಾಡಬೇಕಂತೆ, ಅದೂ "ನಮ್ಮ ಕಡೆಯದು" ಆಗಬೇಕಂತೆ. ಯಾವುದು ಕೊಡಿಸಲಿ? (ಕಡೂರು)

ಉತ್ತರ: ಮೊದಲನೆಯದಕ್ಕೆ ಅಂಟು ಬೇಡದ, ಒತ್ತಿದರೆ ಕೂರುವ ಕಿಟ್ ಕೊಡಿಸಿ. ಬ್ಲೇಡಿನ ಕೆಲಸ ನೀವು ಮಾಡಿ, ಮಿಕ್ಕದ್ದಕ್ಕೆ ಕೈ ಹಾಕಬೇಡಿ. ಸ್ಟಿಕ್ಕರ್ ಸೊಟ್ಟಗೆ ಅಂಟಿಸಿದರೆ ಸೊಟ್ಟಗೇ ಇರಲಿ.

ನಮ್ಮ ಕಡೆಯದು ಅಂದರೆ ಹೇಳುವುದಕ್ಕೆ ಬೇಕಾದಷ್ಟಿದೆ. ದೇಶದ ಮೊದಲ ಸ್ವದೇಶಿ ಜೆಟ್ ಫೈಟರ್ ಮರುತ್ ತಯಾರಾಗಿದ್ದು ಬೆಂಗಳೂರಿನ ಎಚ್‌ಎಎಲ್‌ನಲ್ಲಿ. ವಿನ್ಯಾಸ ಮಾಡಿದವರು ಜರ್ಮನಿಯ ಕುರ್ಟ್ ಟ್ಯಾಂಕ್, ಮೊದಲ ಹಾರಾಟ 1961ರ ಜೂನ್ 17ರಂದು. ತೇಜಸ್ ಹಾರಿದ್ದೂ ಬೆಂಗಳೂರಿನಲ್ಲೇ, 2001ರ ಜನವರಿ 4ರಂದು. 1/72ರಲ್ಲಿ ತೇಜಸ್‌ನ ರೆಕ್ಕೆಯ ಅಗಲ ಹನ್ನೊಂದು ಸೆಂಟಿಮೀಟರ್ ಚಿಲ್ಲರೆ, ಮಕ್ಕಳ ಕೈಗೆ ಸರಿಯಾದ ಅಳತೆ. ಆದರೆ ಈ ಎರಡರ ಕಿಟ್‌ಗಳು ಎಲ್ಲ ಕಡೆ ಸಿಗುವುದಿಲ್ಲ. ಮಿಗ್-21 ಸುಲಭವಾಗಿ ಸಿಗುತ್ತದೆ. 1963ರಲ್ಲಿ ನಮ್ಮ ವಾಯುಪಡೆಗೆ ಬಂದು 2025ರ ಸೆಪ್ಟೆಂಬರ್‌ನಲ್ಲಿ ನಿವೃತ್ತಿಯಾದ ವಿಮಾನ, ಅದರ ಕಥೆ ಹೇಳುತ್ತಾ ಕೂರಬಹುದು.

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ ಅವರ ಬಗ್ಗೆಯೂ ಹೇಳಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲಿನ ದಾಳಿಗೆ ಹೋದವರು ಮರಳಲಿಲ್ಲ. ತಮ್ಮ ಮಿಸ್ಟೇರ್ ವಿಮಾನದಲ್ಲಿ ಅದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರನ್ನು ಎದುರಿಸಿ ಉರುಳಿಸಿದ್ದರು ಅನ್ನುವುದು ಹೊರಗೆ ಬಂದಿದ್ದು ಬಹಳ ವರ್ಷ ಕಳೆದ ಮೇಲೆ. ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ. ರಜೆಯಲ್ಲಿ ಬೆಂಗಳೂರಿಗೆ ಹೋದರೆ ಎಚ್‌ಎಎಲ್ ಮ್ಯೂಸಿಯಂ ತೋರಿಸಿ, ಮರುತ್ ಪಕ್ಕದಲ್ಲೇ ನಿಂತು ನೋಡಬಹುದು. ಅದನ್ನು ನೋಡಿದ ಮಗುವಿಗೆ ಮನೆಗೆ ಬಂದು 1/72 ಅಂದರೆ ಎಷ್ಟು ಅಂತ ನೀವು ವಿವರಿಸಬೇಕಿಲ್ಲ.

ಪ್ರಶ್ನೆ: ಶೋಕೇಸ್‌ನಲ್ಲಿಟ್ಟ ಮಾಡೆಲ್ ಮೇಲೆ ಧೂಳು. ಒರೆಸಿದರೆ ಏನಾದರೂ ಮುರಿಯುತ್ತದೆ. (ಚಿಕ್ಕಮಗಳೂರು)

ಉತ್ತರ: ಬಟ್ಟೆ ತಾಗಿಸಲೇಬೇಡಿ. ಮೇಕಪ್‌ನ ಮೆತ್ತನೆ ಅಗಲ ಬ್ರಷ್ ತೆಗೆದುಕೊಂಡು ಮೂಗಿನಿಂದ ಬಾಲದ ಕಡೆಗೆ ಸವರಿ. ಮೂಗಿನ ತುದಿಯ ಕಡ್ಡಿ ಮುರಿದಿದ್ದರೆ ಹೊಲಿಗೆ ಸೂಜಿಯ ತುಂಡೊಂದನ್ನು ಸೂಪರ್ ಗ್ಲೂನಲ್ಲಿ ಕೂರಿಸಬಹುದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಸೂಜಿ ಬೇಡ, ಕಡ್ಡಿ ಇಲ್ಲದೆಯೇ ಇರಲಿ.